ಕಣ್ಣಿಗೆ ಕಾಜಾ

ಬೆಳಗ್ಗೆ ಏಳಕ್ಕೆ ಠಾಣೆಗೆ ಬಂದ ದೂರುದಾರ ನಡೆದು ಬಂದಿರಲಿಲ್ಲ. ಅವನನ್ನು ಯಾರೋ ಠಾಣೆಯ ಗೇಟಿಗೇ ಕಟ್ಟಿಹಾಕಿದ್ದರು. ಕಟ್ಟಿದ್ದೂ ಹಗ್ಗದಿಂದಲ್ಲ, ಸಿನಿಮಾದ ಹಾರುವ ವೀರರು ಬೆನ್ನಿಗೆ ಬಿಟ್ಟುಕೊಳ್ಳುವಂಥ ಕೆಂಪು ಸ್ಯಾಟಿನ್ ಬಟ್ಟೆಯಿಂದ. ತಲೆಗೆ ಒಂದು ಕರಿಯ ಮುಖವಾಡ, ಅದೂ ಹಿಂದುಮುಂದಾಗಿ.

ದಫೇದಾರರು ಮುಖವಾಡ ಕಿತ್ತರೆ ಒಳಗಿದ್ದವನು ಪಾನಾ. ನಲ್ಲಿ, ಸೈಕಲ್ ಸೀಟು, ಗೇಟಿನ ಚಿಲಕ, ಒಟ್ಟಿನಲ್ಲಿ ತಿರುಪು ಇರುವುದನ್ನೆಲ್ಲ ಬಿಚ್ಚಿಕೊಂಡು ಹೋಗುವ ಕಳ್ಳನಿಗೆ ಊರು ಇಟ್ಟಿದ್ದ ಹೆಸರದು.

"ದೂರು ಬರ್ಕೊಳ್ಳಿ ಸಾರ್," ಎಂದ ಪಾನಾ ಮಣಿಕಟ್ಟು ಉಜ್ಜಿಕೊಳ್ಳುತ್ತ. "ಕಾನೂನು ಅನ್ನೋದು ಇದೆಯೋ ಇಲ್ವೋ ಈ ಊರಲ್ಲಿ?"

ಈ ಪ್ರಶ್ನೆಯನ್ನು ಕಳ್ಳನ ಬಾಯಲ್ಲಿ ಕೇಳುವ ಯೋಗ ದಫೇದಾರರಿಗೆ ಇಪ್ಪತ್ತು ವರ್ಷದ ನೌಕರಿಯಲ್ಲಿ ಒದಗಿರಲಿಲ್ಲ. ನಾಲಿಗೆಯ ತುದಿಗೆ ಬಂದಿದ್ದ "ನೋಡೋಣ" ಎಂಬ ಮಾತು ಇನ್ನೇನು ಹೊರಬೀಳಬೇಕು, ಇನ್‌ಸ್ಪೆಕ್ಟರ್ ಮೇಡಂ ಒಳಗೆ ಬಂದರು. ಠಾಣೆಗೆ ಹೊಸಬರು. ಕಳ್ಳನ ದೂರೂ ದೂರೇ ಎಂದು ಎಫ್‌ಐಆರ್ ಮಾಡಿಸಿದರು: ಅಕ್ರಮ ಬಂಧನ, ಹಲ್ಲೆ, ಆರೋಪಿ ಅಪರಿಚಿತ. ಆರೋಪಿ ಎರಡಾಳೆತ್ತರ ಇದ್ದನೆಂದೂ, ಆಕಾಶದಿಂದ ನೇರ ತನ್ನ ಮೇಲೇ ಇಳಿದನೆಂದೂ ಪಾನಾ ಹೇಳಿಕೆ ಕೊಟ್ಟ. ಅಷ್ಟು ಬೆಳಗ್ಗೆ ಅಲ್ಲೇನು ಮಾಡ್ತಿದ್ದೆ ಎಂದದ್ದಕ್ಕೆ ವಾಕಿಂಗ್ ಎಂದ. ಸೊಂಟದಲ್ಲಿದ್ದ ಸ್ಪ್ಯಾನರು ಆರೋಗ್ಯದ ದೃಷ್ಟಿಯಿಂದ ಇರಬೇಕು.

ಸ್ಥಳ ಪಂಚನಾಮೆಗೆ ಪೇಟೆಯ ಹಿಂದಿನ ಓಣಿಗೆ ಹೋದರು. ಆಕಾಶ ಎಂದರೆ ಆಳೆತ್ತರದ ಕಾಂಪೌಂಡು ಗೋಡೆ. ಅದರ ಮೇಲಿನ ಮೊಳೆಯೊಂದರಲ್ಲಿ ಕೆಂಪು ಸ್ಯಾಟಿನ್ನಿನ ಚೂರು ನೇತಾಡುತ್ತಿತ್ತು. ವೀರ ಹಾರಿರಲಿಲ್ಲ, ಬಟ್ಟೆ ಸಿಕ್ಕಿಕೊಂಡು ಜಾರಿ, ಕೆಳಗೆ ನಲ್ಲಿ ಬಿಚ್ಚುತ್ತಿದ್ದವನ ಮೇಲೆ ಮೂಟೆಯಂತೆ ಬಿದ್ದಿದ್ದ. ಓಣಿಯ ಮಣ್ಣಿನಲ್ಲಿ ಠಾಣೆಯ ಕಡೆಗೆ ಎಳೆದೊಯ್ದ ಗುರುತೂ ಇತ್ತು. ಪಂಚ ಸಾಕ್ಷಿಯಾಗಿ ಬಂದಿದ್ದ ಚಹಾದಂಗಡಿಯವನಿಗೆ ಸಹಿ ಹಾಕುವಾಗಲೂ ನಗು ತಡೆಯಲಾಗಲಿಲ್ಲ.

ಠಾಣೆಗೆ ಮರಳಿ ಮೇಡಂ ಮುಖವಾಡವನ್ನು ಮೇಜಿನ ಮೇಲೆ ಹರಡಿದರು. ಕಣ್ಣಿಗೆ ಬಿಟ್ಟ ತೂತುಗಳ ಸುತ್ತ ಒತ್ತಾಗಿ ದಾರ ಸುತ್ತಿತ್ತು.

"ಇದೇನ್ರೀ ದಫೇದಾರ್ರೇ?"

"ಕಾಜಾ ಮೇಡಂ. ಗುಂಡಿ ತೂತಿಗೆ ಹಾಕ್ತಾರಲ್ಲ, ದಾರ ಬಿಡದ ಹಾಗೆ."

ಅಂದರೆ ದರ್ಜಿ. ಕತ್ತರಿಸಿದ ಅಂಚನ್ನು ಹಾಗೇ ಬಿಡಲು ಅವನ ಕೈ ಒಪ್ಪಿಲ್ಲ. ಆದರೆ ಊರಲ್ಲಿ ದರ್ಜಿಗಳೇನು ಒಬ್ಬರೇ? ಮೇಡಂ ಕೆಂಪು ಬಟ್ಟೆಯ ಅಂಚನ್ನು ಬೆಳಕಿಗೆ ಹಿಡಿದರು. "ಪೂರ್ತಿ ಕೈಹೊಲಿಗೆ. ಇಷ್ಟು ಚೆನ್ನಾಗಿ ಹೊಲಿಯೋನ ಹತ್ರ ಮಿಷಿನ್ ಇರಲ್ವಾ?"

"ಇತ್ತು ಮೇಡಂ," ಅಂದುಬಿಟ್ಟರು ದಫೇದಾರರು.

ಮೇಡಂ ನಿಧಾನಕ್ಕೆ ತಲೆಯೆತ್ತಿದರು. "ಇತ್ತು ಅಂದ್ರೆ?"

ಬಾಣ ಬಿಟ್ಟಾಗಿತ್ತು. ಹೋದ ತಿಂಗಳು ಸಂತೆಬೀದಿಯ ದರ್ಜಿ ಬಂದು, ತನ್ನ ಹೊಲಿಗೆ ಮಿಷಿನ್ನಿನ ತಲೆಯನ್ನು ಯಾರೋ ತಿರುಪು ಬಿಚ್ಚಿ ಒಯ್ದಿದ್ದಾರೆಂದು ಹೇಳಿದ್ದ. ನಾಲ್ಕು ಸಲ ಬಂದಿದ್ದ. ದಫೇದಾರರು ನಾಲ್ಕು ಸಲವೂ "ನೋಡೋಣ" ಅಂದಿದ್ದರು. ಠಾಣೆಯಲ್ಲಿ ಆ ಮಾತಿಗೆ ಏನರ್ಥವೆಂದು ಗೋಡೆಯ ಹಲ್ಲಿಗೂ ಗೊತ್ತು. ಈಗ ಇದ್ದದ್ದನ್ನು ಇದ್ದಹಾಗೆ ಹೇಳುವಾಗ ಅವರ ಕಾಲರು ಬಿಗಿಯತೊಡಗಿತು. ಆ ಕಾಲರೂ ಅದೇ ದರ್ಜಿ ಹೊಲಿದದ್ದು.

ಅಂಗಡಿಯಲ್ಲಿ ತಲೆಯಿಲ್ಲದ ಮಿಷಿನ್ನಿನ ಮುಂದೆ ಕುಳಿತು ದರ್ಜಿ ಲಂಗವೊಂದಕ್ಕೆ ಕೈಯಲ್ಲಿ ಅಂಚು ಹೊಲಿಯುತ್ತಿದ್ದ. ಗಿಡ್ಡ ಮನುಷ್ಯ, ಮೊಣಕೈ ತರಚಿತ್ತು. ಪೊಲೀಸರನ್ನು ಕಂಡು ಅವನ ಮುಖ ಅರಳಿತು.

"ಮಿಷಿನ್ ಸಿಕ್ತಾ ಸಾರ್?"

"ನೀನು ಸಿಕ್ಕಿದೀಯ," ಎಂದರು ದಫೇದಾರರು. ಹೇಳುವಾಗ ಅವನ ಮುಖ ನೋಡಲಿಲ್ಲ.

ದರ್ಜಿ ಅಲ್ಲಗಳೆಯಲಿಲ್ಲ. ಸೂಜಿಯನ್ನು ಜೋಪಾನವಾಗಿ ಬಟ್ಟೆಗೆ ಚುಚ್ಚಿಟ್ಟು ಎದ್ದ. ಮೇಡಂ ವೇಷ ಯಾಕೆ ಎಂದು ಕೇಳಿದರು.

"ಶಾಲೆ ನಾಟಕಕ್ಕೆ ಹೊಲಿದದ್ದು ಮೇಡಂ, ಒಂದು ಉಳಿದಿತ್ತು. ಬರೀ ದರ್ಜಿ ಕಳ್ಳನ್ನ ಹಿಡ್ಕೊಂಡು ಬಂದ್ರೆ ಇವರು ನೋಡೋಣ ಅಂತಿದ್ರು. ಸಿನಿಮಾದಲ್ಲಾದ್ರೆ ಪೊಲೀಸ್ರು ಕೊನೇಗಾದ್ರೂ ಬರ್ತಾರೆ."

"ಬಂದ್ವಲ್ಲ."

"ನನ್ನನ್ನ ಹಿಡಿಯೋಕೆ."

ದಸ್ತಗಿರಿ ಆಯಿತು. ಜಾಮೀನು ಸಿಗುವ ಕೇಸು. ಆದರೆ ಕೋರ್ಟಿಗೆ ಹೊರಡುವ ಮೊದಲು ಮೇಡಂ ಅವನನ್ನು ಬೆಂಚಿನ ಮೇಲೆ ಕೂರಿಸಿ, ಅವನ ದೂರನ್ನೂ ಬರೆದುಕೊಳ್ಳಲು ದಫೇದಾರರಿಗೆ ಹೇಳಿದರು. ಇಷ್ಟು ದಿನ ಬರೆದುಕೊಳ್ಳದ್ದಕ್ಕೆ ದಫೇದಾರರಿಗೆ ಮೆಮೊ ಬೇರೆ. ಹೋಗಲು ಎದ್ದಿದ್ದ ಪಾನಾನನ್ನು ಕಾನ್‌ಸ್ಟೇಬಲ್ ಹೆಗಲೊತ್ತಿ ಮತ್ತೆ ಕೂರಿಸಿದ. ಮಿಷಿನ್ನಿನ ತಲೆಯನ್ನು ಗುಜರಿಗೆ ಹಾಕಿದ್ದೆ, ಈಗ ಎಲ್ಲಿದೆಯೋ ಗೊತ್ತಿಲ್ಲ ಎಂದ ಪಾನಾ.

ದೂರಿಗೆ ಸಹಿ ಹಾಕಿ ದರ್ಜಿ ಮೆಲ್ಲಗೆ ಕೇಳಿದ. ಮಿಷಿನ್ ಅಪ್ಪನ ಕಾಲದ್ದಂತೆ. ಅದರ ಸದ್ದಿಲ್ಲದೆ ಮನೆಯಲ್ಲಿ ಹೆಂಡತಿಗೂ ನಿದ್ದೆ ಹತ್ತುತ್ತಿಲ್ಲವಂತೆ. "ಸಿಗುತ್ತಾ ಸಾರ್?"

ದಫೇದಾರರು ಬಾಯಿ ತೆರೆದರು. ಬರಬೇಕಿದ್ದ ಮಾತನ್ನು ಹಲ್ಲಿನ ಹಿಂದೆಯೇ ತಡೆದರು. ಬೇರೆ ಮಾತಿಗಾಗಿ ತಡಕಾಡಿದರು. ಎರಡು ತಿಂಗಳಿಂದ ಅದೇ ಅಂಗಡಿಯಲ್ಲಿ ಬಿದ್ದಿರುವ ತಮ್ಮ ಪ್ಯಾಂಟು ನೆನಪಾಯಿತು. ಕೇಳಿದಾಗಲೆಲ್ಲ ದರ್ಜಿ ಕೊಡುತ್ತಿದ್ದ ಉತ್ತರವೂ.

"ನಾಳೆ," ಎಂದರು.

ಆ ಮಾತಿನ ಬೆಲೆ ಊರಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದರ್ಜಿ ತಲೆ ತಗ್ಗಿಸಿ, ಅಂದು ಮೊದಲ ಸಲ ನಕ್ಕ. ದಫೇದಾರರು ಟೋಪಿ ಹಾಕಿಕೊಂಡು ಗುಜರಿ ಅಂಗಡಿಗಳ ಕಡೆ ಹೊರಟರು.