ಅಜ್ಜಾರ ಎರಡು ಹೇಳಿಕೆ

ಜೂನ್ 3, ಮಂಗಳವಾರ. ಬರುವ ಶನಿವಾರ ಬಕ್ರೀದ್. ಬೆಳಿಗ್ಗೆ ಮುಂಡಗೋಡ ಪೊಲೀಸ್ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೆರಗಿನ ಮೇಲಿನ ರಕ್ತ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಹೆಸರು ಹಜರಾಬಿ, ಗಂಡ ಮೌಲಾಸಾಬ ಸಿದ್ದಿ, ವಾಸ ಯಲ್ಲಾಪುರ ರಸ್ತೆಯ ಕಾಡಂಚಿನ ವಾಡಾ, ಸಿದ್ದಿಗಳ ಕೇರಿ ಎಂದು ಹೇಳಿದಳು. ಹೆಡ್ ಕಾನ್‌ಸ್ಟೇಬಲ್ ವಿಲ್ಸನ್ ನೀರು ತಂದುಕೊಟ್ಟ. ಹಳಿಯಾಳ ಕಡೆಯ ಕ್ರಿಶ್ಚಿಯನ್ ಸಿದ್ದಿ ಮನೆತನದ ವಿಲ್ಸನ್‌ಗೆ ಆಕೆಯ ಗಂಡನ ಮುಖಪರಿಚಯವಿತ್ತು.

ಇನ್‌ಸ್ಪೆಕ್ಟರ್ ದ್ರಾಕ್ಷಾಯಣಿ ದೂರನ್ನು ತಾವೇ ಕೇಳಿಸಿಕೊಂಡರು. ಮೌಲಾಸಾಬನಿಗೆ ಎರಡೆಕರೆ ಗದ್ದೆ. ಜೋಡಿಯಲ್ಲಿ ಒಂದು ಎತ್ತು ಹಾವು ಕಡಿದು ಸತ್ತಿತ್ತು. ಮಳೆ ಹಿಡಿಯುವ ಮೊದಲು ಇನ್ನೊಂದು ತರಬೇಕೆಂದು ಸೋಮವಾರ ಪಾಳಾ ಎಂಬ ಊರಿಗೆ ಹೋಗಿದ್ದ. ಅಲ್ಲಿ ಎತ್ತು ಕೊಂಡು, ಟೆಂಪೋದಲ್ಲಿ ರಸ್ತೆ ಕೂಡುವ ಕತ್ರಿಯವರೆಗೆ ತಂದು, ಮುಂದೆ ಕಾಡುದಾರಿಯಲ್ಲಿ ನಡೆಸಿಕೊಂಡು ಹೊರಟಿದ್ದ. ಕತ್ತಲಾದರೂ ಬರದಿದ್ದಾಗ ವಾಡಾದವರು ಬ್ಯಾಟರಿ ಹಿಡಿದು ಹುಡುಕಿದರು. ರಾತ್ರಿ ಒಂಬತ್ತರ ಸುಮಾರಿಗೆ ಬಿದಿರು ಮೆಳೆಯ ಪಕ್ಕ ಸಿಕ್ಕಾಗ ಅವನಿಗೆ ಎಚ್ಚರವಿರಲಿಲ್ಲ, ಬಲಗೈ ಮುರಿದು ರಕ್ತ ಸುರಿಯುತ್ತಿತ್ತು. ಎತ್ತು ಇರಲಿಲ್ಲ. ತಾಲೂಕಾ ಆಸ್ಪತ್ರೆಯವರು ಪಟ್ಟಿ ಕಟ್ಟಿ ರಾತ್ರಿಯೇ ಹುಬ್ಬಳ್ಳಿಗೆ ಕಳುಹಿಸಿದ್ದರು.

“ಯಾರ ಮ್ಯಾಲಾದ್ರೂ ಸಂಶಯ ಐತೇನವಾ?” ಎಂದು ದ್ರಾಕ್ಷಾಯಣಿ ಕೇಳಿದರು.

“ನಮಗ ವೈರಿಗಳು ಯಾರದಾರ್ರಿ. ವೈರಿ ಮಾಡ್ಕೊಳ್ಳಾಕೂ ಪುರಸೊತ್ತು ಬೇಕಲ್ರಿ.”

ಅಪರಿಚಿತ ಆರೋಪಿಯ ಮೇಲೆ ಎಫ್‌ಐಆರ್ ದಾಖಲಾಯಿತು. ಅಡ್ಡಗಟ್ಟಿದ್ದು, ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡಿದ್ದು, ಹೀಗೆ ಎರಡು ಕಲಂ.

ಮಧ್ಯಾಹ್ನ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳ ಪಂಚನಾಮೆ ನಡೆಸಿದರು. ಹಸಿಮಣ್ಣಿನ ಮೇಲೆ ಒಂದೇ ಒಂದು ಬೈಕಿನ ಗಾಲಿಯ ಗುರುತು. ಮೆಳೆಯ ಬುಡದಲ್ಲಿ ಎತ್ತಿನ ಮೂಗುದಾರಕ್ಕೆ ಕಟ್ಟುವ ಹೊಸ ಹಗ್ಗದ ತುಂಡು ಬಿದ್ದಿತ್ತು, ಚಾಕುವಿನಿಂದ ಕೊಯ್ದದ್ದು. ಎತ್ತಿನ ಗೊರಸಿನ ಗುರುತು ರಸ್ತೆಯ ಕಡೆಗಲ್ಲ, ಕಾಡಿನ ಒಳಕ್ಕೆ ಹೋಗಿತ್ತು.

“ಕದಿಯಾಂವ ಹಗ್ಗ ಕೊಯ್ಯೂದಿಲ್ರಿ ಮೇಡಂ, ಹಗ್ಗ ಹಿಡ್ಕೊಂಡ ಹೋಗ್ತಾನ” ಎಂದ ವಿಲ್ಸನ್.

ದ್ರಾಕ್ಷಾಯಣಿ ತಲೆಯಾಡಿಸಿದರು. ಎತ್ತು ಬೇಕಾಗಿ ಹೊಡೆದವನಲ್ಲ ಇವನು.

ಠಾಣೆಗೆ ಮರಳುವಷ್ಟರಲ್ಲಿ ಊರಿನ ಫೋನುಗಳಲ್ಲೆಲ್ಲ ಒಂದು ಧ್ವನಿ ಸಂದೇಶ ಹರಿದಾಡುತ್ತಿತ್ತು. ಹುಬ್ಬಳ್ಳಿ ರಸ್ತೆಯಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಶಿವಯೋಗಿ ಸ್ವಾಮಿಯದು. ವಯಸ್ಸು ನಲವತ್ತು ದಾಟಿರಲಿಲ್ಲವಾದರೂ ಸ್ವಾಮಿಗಳನ್ನು ಕರೆಯುವ ಈ ಸೀಮೆಯ ರೂಢಿಯಂತೆ ಜನ ಅಜ್ಜಾರು ಎನ್ನುತ್ತಿದ್ದರು. ಅವರು ‘ಗೋಧರ್ಮ ಪಡೆ’ ಎಂಬ ಗುಂಪನ್ನು ಕಟ್ಟಿದ್ದರು. ಸಂದೇಶದಲ್ಲಿ ಅವರ ಸ್ವರ ಏರಿತ್ತು: “ಹಗ್ಗ ಹಿಡಿದ ಬಲಗೈ ಮುರಿದಿದೆ. ಮೂಕಪ್ರಾಣಿ ಬಂಧನ ಕಳಚಿ ಕಾಡು ಸೇರಿದೆ. ಇದನ್ನು ಹಿಂಸೆ ಅನ್ನುವವರು ಅನ್ನಲಿ. ನಾನು ಇದನ್ನು ಪ್ರಾಯಶ್ಚಿತ್ತ ಅನ್ನುತ್ತೇನೆ. ಮಾಡಿದ ಕೈಗೆ ನನ್ನ ಆಶೀರ್ವಾದ.”

ಪಡೆಯ ವಾಟ್ಸಾಪ್ ಗುಂಪಿಗೆ ಅದು ಮೊದಲು ಬಂದದ್ದು ಯಾವಾಗ ಎಂದು ವಿಲ್ಸನ್ ಹುಡುಕಿ ತೆಗೆದ. ಸೋಮವಾರ ರಾತ್ರಿ 7.50.

ಗಾಯಾಳು ಹೆಂಡತಿಯ ಕಣ್ಣಿಗೆ ಬೀಳುವ ಮೊದಲೇ ಮುರಿದದ್ದು ಯಾವ ಕೈ ಎಂಬುದು ಅಜ್ಜಾರಿಗೆ ತಿಳಿದಿತ್ತು.

ದ್ರಾಕ್ಷಾಯಣಿ ಸಂದೇಶವನ್ನು ಮತ್ತೊಮ್ಮೆ ಹಾಕಿಸಲಿಲ್ಲ. ಅದೇ ಧ್ವನಿಯನ್ನು ಅವರು ಹಿಂದಿನ ವಾರವಷ್ಟೇ ಕೇಳಿದ್ದರು. ಮಾರುಕಟ್ಟೆ ಬಯಲಿನ ಸಭೆಗೆ ಧ್ವನಿವರ್ಧಕದ ಅನುಮತಿ ಕೊಟ್ಟವರು ಅವರೇ. ಬಂದೋಬಸ್ತಿಗೆ ನಿಂತು, “ಹಗ್ಗ ಹಿಡಿದ ಕೈ ಉಳಿಯಬಾರದು” ಎಂಬ ಮಾತನ್ನೂ ಅದರ ಹಿಂದಿನ ಚಪ್ಪಾಳೆಯನ್ನೂ ಕೇಳಿ, ಇದು ಮಾತಿನ ಅಲಂಕಾರ ಎಂದುಕೊಂಡು ‘ಸಭೆ ಶಾಂತಿಯುತ’ ಎಂದು ವರದಿ ಕಳುಹಿಸಿದ್ದರು. ಆ ದಿನ ಊಟಕ್ಕೆ ಮನೆಗೆ ಹೋಗುವ ಅವಸರವಿತ್ತು. ಈಗ ಅದು ನೆನಪಾಗಿ ಅವರಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಸ್ವಾಮಿಯ ಕರೆ ವಿವರ ಬೇಕೆಂದು ಕಾರವಾರದ ಎಸ್‌ಪಿ ಕಚೇರಿಗೆ ಪತ್ರ ಹೋಯಿತು.

ಬುಧವಾರ ಪಾಳಾದ ಶಂಕ್ರಪ್ಪ ತಾನಾಗಿಯೇ ಠಾಣೆಗೆ ಬಂದ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಅವನ ಜೊತೆ ಊರಿನ ಎಂಟು ಹತ್ತು ಜನ ರೈತರು ಹೊರಗೆ ನಿಂತಿದ್ದರು. ಎತ್ತು ಮಾರಿದವನು ತಾನೇ ಎಂದ. ಮೌಲಾಸಾಬನ ಅಪ್ಪ ತನ್ನ ಅಪ್ಪನ ಹೊಲದಲ್ಲಿ ದುಡಿದವನು, ಹೂಡಲಿಕ್ಕೆ ಎಂದೇ ಕೇಳಿದ, ಹೂಡಲಿಕ್ಕೆ ಎಂದೇ ಕೊಟ್ಟೆ ಎಂದು ಹೇಳಿ ಬರೆಸಿದ.

“ಬಸವಣ್ಣನ್ನ ಕೊರಳಾಗ ಕಟ್ಟಿಕೊಂಡಾಂವ ನಾನು. ಯಾರಿಗೆ ಎತ್ತು ಕೊಡಬೇಕು, ಯಾರಿಗೆ ಕೊಡಬಾರದು ಅನ್ನೂದು ಅಜ್ಜಾರು ನನಗ ಕಲಿಸೂದು ಬ್ಯಾಡ್ರಿ.”

ಹೊರಗೆ ನಿಂತ ಪತ್ರಕರ್ತರ ಮುಂದೆಯೂ ಅವನು ಇದನ್ನೇ ಹೇಳಿದ. ಸಂಜೆಯೊಳಗೆ ಆಶ್ರಮಕ್ಕೆ ದವಸ ಕೊಡುತ್ತಿದ್ದ ಮೂರು ಊರುಗಳವರು ಸ್ವಾಮಿಗೆ ಫೋನು ಮಾಡಿ, ರೈತನ ಕೈ ಮುರಿದದ್ದಕ್ಕೆ ಆಶೀರ್ವಾದವೇ ಎಂದು ಕೇಳಿದರು. ಗುರುವಾರ ಬೆಳಿಗ್ಗೆ ಎರಡನೆಯ ಹೇಳಿಕೆ ಬಂತು, ಈ ಸಲ ವೀಡಿಯೊ. ಕಾವಿ ಶಾಲು ಹೊದ್ದು, ದನಿ ತಗ್ಗಿಸಿ ಅಜ್ಜಾರು ಘಟನೆಯನ್ನು ಖಂಡಿಸಿದರು. ನಮ್ಮ ಧರ್ಮ ದಯೆಯೇ ಮೂಲವೆಂದು ಹೇಳಿದೆ, ರೈತನ ಮೇಲೆ ಕೈ ಮಾಡಿದವನು ಯಾವನೋ ಕುಡುಕ ಕಿಡಿಗೇಡಿ, ಪಡೆಗೂ ಅವನಿಗೂ ಸಂಬಂಧವಿಲ್ಲ, ಪೊಲೀಸರು ಅವನನ್ನು ಉಗ್ರವಾಗಿ ಶಿಕ್ಷಿಸಬೇಕು ಎಂದರು. ಮೊದಲಿನ ಸಂದೇಶ ಗುಂಪಿನಿಂದ ಅಳಿಸಿಹೋಗಿತ್ತು. ವಿಲ್ಸನ್ ಅದನ್ನು ಅಷ್ಟರೊಳಗೆ ಪಂಚರ ಎದುರು ಜಪ್ತಿ ಮಾಡಿಯಾಗಿತ್ತು.

ಅದೇ ಹೊತ್ತಿಗೆ ಬೇರೆ ಯಾವುದೋ ಊರಿನ ಒಬ್ಬ ಮೌಲವಿಯ ವೀಡಿಯೊ ಕೂಡ ತೇಲಿಬಂತು. ಒಂದು ಕೈಗೆ ಒಂದು ಕೈ, ಅದು ಜುಲುಮೆ ಅಲ್ಲ, ನ್ಯಾಯ ಎಂದು ಅವನು ಹೇಳಿದ್ದ. ಮೌಲಾಸಾಬನ ಹೆಸರನ್ನೂ ತಪ್ಪಾಗಿ ಹೇಳಿದ್ದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಳಿಕೆ ಪಡೆಯಲು ದ್ರಾಕ್ಷಾಯಣಿ ಹೋದಾಗ ಮಂಚದ ಪಕ್ಕ ಆ ವೀಡಿಯೊ ನೋಡಿ ಬಂದ ನಾಲ್ಕಾರು ಯುವಕರು ಫೋನು ಹಿಡಿದು ನಿಂತಿದ್ದರು. ಮೌಲಾಸಾಬ ಒಂದು ಮಾತು ಹೇಳಲಿ, ಚಿತ್ರೀಕರಿಸುತ್ತೇವೆ ಎನ್ನುತ್ತಿದ್ದರು. ಹಜರಾಬಿ ಅವರಿಗೂ ಮಂಚಕ್ಕೂ ನಡುವೆ ನಿಂತಿದ್ದಳು.

“ಮುರದಿದ್ದು ನಮ್ಮ ಕೈ. ನಮ್ಮ ಹೆಸರಿನ್ಯಾಗ ಇನ್ನೊಂದ ಕೈ ಮುರೀಬ್ಯಾಡ್ರಿ. ಹೋಗ್ರಿ ಇಲ್ಲಿಂದ.”

ಅವರು ಹೋದರು. ಮೌಲಾಸಾಬ ನಿಧಾನವಾಗಿ ಮಾತಾಡಿದ. ಹೊಡೆದವನು ಒಬ್ಬನೇ, ಮುಖಕ್ಕೆ ಟವೆಲ್ಲು ಸುತ್ತಿದ್ದ, ಕೈಯಲ್ಲಿ ಕಬ್ಬಿಣದ ರಾಡು. ಹೊಲಕ್ಕೆ ಒಯ್ಯುತ್ತಿದ್ದೇನೆ ಅಂತ ಎರಡು ಸಲ ಹೇಳಿದೆ, ಕೇಳಲಿಲ್ಲ ಎಂದ. ಮತ್ತೇನಾದರೂ ನೆನಪಿದೆಯೇ ಎಂದು ದ್ರಾಕ್ಷಾಯಣಿ ಕೇಳಿದರು.

“ಹೊಡೆಯೂ ಮುಂದ ಅಳತಿದ್ನರಿ ಅಂವ.”

ಶುಕ್ರವಾರ ಕರೆ ವಿವರ ಬಂತು. ಸೋಮವಾರ ಸಂಜೆ 7.10ಕ್ಕೆ ಸ್ವಾಮಿಯ ನಂಬರಿಗೆ ಒಂದು ಕರೆ ಬಂದು ನಾಲ್ಕು ನಿಮಿಷ ಮಾತು ನಡೆದಿತ್ತು. ಕರೆ ಹೊರಟ ಮೊಬೈಲ್ ಟವರ್ ಯಲ್ಲಾಪುರ ರಸ್ತೆಯದು. ನಂಬರು ಗೂಳಪ್ಪ ಎಂಬವನ ಹೆಸರಿನಲ್ಲಿತ್ತು, ಕತ್ರಿಯ ಆಚೆಗಿನ ಹಳ್ಳಿಯವನು, ಟ್ರ್ಯಾಕ್ಟರ್ ಬಾಡಿಗೆ ಹೊಡೆಯುವವನು.

ದ್ರಾಕ್ಷಾಯಣಿ ಮತ್ತು ವಿಲ್ಸನ್ ಮೊದಲು ಆಶ್ರಮಕ್ಕೆ ಹೋದರು. ಸ್ವಾಮಿ ಹಾಲು ತರಿಸಿದರು. ಇಬ್ಬರೂ ಮುಟ್ಟಲಿಲ್ಲ. ದಿನಕ್ಕೆ ನೂರು ಭಕ್ತರು ಫೋನು ಮಾಡುತ್ತಾರೆ, ಯಾರು ಏನು ಹೇಳಿದರೆಂದು ನೆನಪಿಡಲಾದೀತೇ ಎಂದರು. ವಿಲ್ಸನ್ ಅವರ ಎರಡೂ ಹೇಳಿಕೆಗಳನ್ನು ಒಂದಾದ ಮೇಲೊಂದು ಕೇಳಿಸಿದ.

“ಇವೆರಡರಾಗ ನಿಮ್ಮ ಮಾತು ಯಾವುದ್ರಿ?” ದ್ರಾಕ್ಷಾಯಣಿ ಕೇಳಿದರು.

“ಎರಡೂ ನಮ್ಮವ. ಒಂದು ನಮ್ಮ ಮಂದಿಗೆ ಹೇಳಿದ್ದು, ಒಂದು ಊರಿಗೆ ಹೇಳಿದ್ದು.”

“ಮಾಡಿದಾಂವ ಯಾರು ಅಂತ ನಿಮಗ ಸೋಮವಾರನ ಗೊತ್ತಿತ್ತು.”

ಸ್ವಾಮಿ ಶಾಲು ಸರಿಮಾಡಿಕೊಂಡರು. “ನಾನೇನು ಹೊಡಿ ಅಂದಿದ್ದೆನೇನ್ರಿ? ಕೈ ಉಳೀಬಾರದು ಅಂದೆ. ಅದು ವಚನದ ಧಾಟಿ. ಹೆಸರು ತಗೊಂಡು ಹೇಳಿದ್ದಲ್ಲ. ನೀವೂ ಅಲ್ಲೇ ನಿಂತಿದ್ರಿ. ಆಗ ತಪ್ಪು ಅನಿಸಿದ್ರ ನಿಲ್ಲಸಬೇಕಾಗಿತ್ತು.”

ದ್ರಾಕ್ಷಾಯಣಿ ನೋಟೀಸನ್ನು ಅವರ ಮುಂದಿಟ್ಟರು. ಸಹಿ ಮಾಡಿಸಿಕೊಂಡು, ಫೋನು ಜಪ್ತಿ ಮಾಡಿ ಹೊರಬಂದರು. ಜೀಪು ಹತ್ತಿದ ಮೇಲೆ, ಸಭೆಯ ದಿನದ ತಮ್ಮ ವರದಿಯನ್ನೂ ಕೇಸಿನ ಕಡತಕ್ಕೆ ಸೇರಿಸಬೇಕೆಂದು ಅವರು ವಿಲ್ಸನ್‌ಗೆ ಹೇಳಿದರು. ಅದರಿಂದ ನಿಮಗೇ ತೊಂದರೆ ಎಂದು ಅವನು ಹೇಳಿದ. ಗೊತ್ತಿದೆ ಎಂದರು.

ಗೂಳಪ್ಪನ ಮನೆಯ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಹಿತ್ತಲಿನ ಕೊಟ್ಟಿಗೆಯಲ್ಲಿ ಒಂದೇ ಒಂದು ಬಿಳಿ ಎತ್ತು. ಮುಂದೆ ಹಸಿಹುಲ್ಲು, ಬಾನಿಯಲ್ಲಿ ನೀರು, ಕಾಡುಮುಳ್ಳು ತರಚಿದ ಕಾಲಿಗೆ ಅರಿಶಿನದ ಲೇಪ. ಮೂಗುದಾರ ಹೊಸದು. ಅದರಲ್ಲಿ ಕೊಯ್ದ ಹಗ್ಗದ ಇನ್ನೊಂದು ತುಂಡು ಇನ್ನೂ ಜೋತುಬಿದ್ದಿತ್ತು. ಎತ್ತಿನ ಮೈ ಉಜ್ಜುತ್ತಿದ್ದವನು ಜೀಪಿನ ಸದ್ದಿಗೆ ತಿರುಗಿ ನೋಡಿದ. ವಯಸ್ಸು ಮೂವತ್ತೈದರ ಆಸುಪಾಸು. ಓಡಲಿಲ್ಲ. ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ.

“ನೀವ ಬರ್ತೀರಿ ಅಂತ ಮೂರು ದಿನದಿಂದ ಕಾಯಾಕತ್ತೇನ್ರಿ. ಕೊಟ್ಟು ಬರೂಣು ಅಂದ್ರ ಆ ದಾರೀಲೆ ಹೋಗಾಕ ಕಾಲು ಏಳಲಿಲ್ಲ.”

ಟ್ರ್ಯಾಕ್ಟರಿನ ಸೀಟಿನ ಕೆಳಗಿನ ರಾಡನ್ನು ಅವನೇ ತೆಗೆದುಕೊಟ್ಟ. ರಾಡು, ಚಾಕು, ಬೈಕು, ಎತ್ತು, ನಾಲ್ಕಕ್ಕೂ ಜಪ್ತಿ ಪಂಚನಾಮೆ ಆಯಿತು. ಬಂಧನದ ಪತ್ರಕ್ಕೆ ಸಹಿ ಹಾಕುವ ಮೊದಲು ಅವನು ಕೇಳಿದ್ದು ಒಂದೇ: ಎರಡನೆಯ ಹೇಳಿಕೆಯಲ್ಲಿ ಅಜ್ಜಾರು ಹೇಳಿದ್ದು ತನಗೇನಾ ಎಂದು. ಹೌದು ಎಂದ ವಿಲ್ಸನ್.

“ನಾನು ಕುಡಿಯಂಗಿಲ್ರಿ” ಎಂದ ಗೂಳಪ್ಪ.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಪೊಲೀಸರ ಮುಂದೆ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ದ್ರಾಕ್ಷಾಯಣಿ ತಿಳಿಸಿ ಹೇಳಿದರೂ ನಿಲ್ಲಿಸಲಿಲ್ಲ. ಕಳೆದ ವರ್ಷ ಟ್ರ್ಯಾಕ್ಟರ್ ತರುವಾಗ ಅವನು ಮನೆಯ ಮುದಿ ಜೋಡಿಯನ್ನು ಮಾರಿದ್ದ. ಅಪ್ಪ ಸಾಕಿದ ಎತ್ತುಗಳು. ಕೊಂಡವನು ಅವುಗಳನ್ನು ಎಲ್ಲಿಗೆ ಒಯ್ಯುತ್ತಾನೆಂದು ಗೊತ್ತಿತ್ತು. ಕೇಳದೆ ಇದ್ದರೆ ಗೊತ್ತಿಲ್ಲದಂತೆ ಎಂದು ಕೇಳಿರಲಿಲ್ಲ. ವಾಹನಕ್ಕೆ ಹತ್ತಿಸುವಾಗ ಎಡಗಡೆಯ ಎತ್ತು ಹತ್ತಲೊಲ್ಲದೆ ಇವನ ಮುಖ ನೋಡಿತಂತೆ. ಇವನೇ ಬಾಲ ತಿರುಚಿ ಹತ್ತಿಸಿದ. ಆಮೇಲೆ ನಿದ್ದೆ ಕೆಟ್ಟಿತು. ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಮಾರುಕಟ್ಟೆ ಬಯಲಿನಲ್ಲಿ ಅಜ್ಜಾರು, ಎತ್ತು ಮಾರಿದವನ ಪಾಪಕ್ಕೆ ಒಂದೇ ಪ್ರಾಯಶ್ಚಿತ್ತ, ಇನ್ನೊಂದು ಜೀವ ಬಿಡಿಸುವುದು ಎಂದಾಗ ಅದು ತನಗೇ ಹೇಳಿದಂತಾಯಿತು. ಸೋಮವಾರ ಬಂಕಿನಲ್ಲಿ ಕ್ಯಾನಿಗೆ ಡೀಸೆಲ್ ಹಾಕಿಸುತ್ತಿದ್ದಾಗ ಟೆಂಪೋದಲ್ಲಿ ಬಿಳಿ ಎತ್ತು ಕಂಡಿತು, ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ಮನುಷ್ಯ. ಬೈಕು ಹತ್ತಿ ಹಿಂದೆ ಬಿದ್ದ.

“ಹೊಲಕ್ಕ ಅಂತ ಅಂವ ಹೇಳಿದ. ನಿನಗ ಕೇಳಿಸಿತ್ತಿಲ್ಲೋ?” ದ್ರಾಕ್ಷಾಯಣಿ ಕೇಳಿದರು.

“ಕೇಳಿಸಿತ್ರಿ.”

“ಮತ್ತ?”

“ಅದು ಖರೇ ಆಗಿದ್ರ ನನ್ನ ಪಾಪ ನನ್ನ ಕಡೇನ ಉಳೀತಿತ್ತಲ್ರಿ.”

ಆಶೀರ್ವಾದದ ಸಂದೇಶ ಕೇಳಿದ ರಾತ್ರಿ ಅವನು ವರ್ಷದ ಮೇಲೆ ಮೊದಲ ಸಲ ಗಾಢವಾಗಿ ಮಲಗಿದ್ದನಂತೆ. ಬುಧವಾರ ಶಂಕ್ರಪ್ಪನ ಮಾತು ಕೇಳಿದವನು ಕಾಡು ಹೊಕ್ಕು, ಸಂಜೆಯವರೆಗೆ ತಿರುಗಿ ಎತ್ತನ್ನು ಹುಡುಕಿ ತಂದಿದ್ದ.

ಹಬ್ಬದ ರಜೆಯಾದ್ದರಿಂದ ಶನಿವಾರ ಬೆಳಿಗ್ಗೆ ಅವನನ್ನು ನ್ಯಾಯಾಧೀಶರ ಮನೆಯಲ್ಲೇ ಹಾಜರುಪಡಿಸಿದರು, ನ್ಯಾಯಾಂಗ ಬಂಧನವಾಯಿತು. ಎತ್ತನ್ನು ಮುಚ್ಚಳಿಕೆ ಬರೆಸಿಕೊಂಡು ಹಜರಾಬಿಯ ವಶಕ್ಕೆ ಕೊಡಲು ಆದೇಶವಾಯಿತು. ಅದನ್ನು ಶಂಕ್ರಪ್ಪನೇ ತನ್ನ ಗಾಡಿಯಲ್ಲಿ ವಾಡಾಕ್ಕೆ ಮುಟ್ಟಿಸಿ, ಆ ವರ್ಷದ ಉಳುಮೆಗೆ ಪಾಳಾದಿಂದ ಇಬ್ಬರು ಆಳುಗಳನ್ನು ಕಳುಹಿಸುವುದಾಗಿ ಹೇಳಿದ. ಸ್ವಾಮಿಯ ಮೇಲೆ ಅಪರಾಧಕ್ಕೆ ಪ್ರಚೋದನೆ ಮತ್ತು ಸಮುದಾಯಗಳ ನಡುವೆ ದ್ವೇಷ ಬಿತ್ತಿದ ಕಲಂಗಳನ್ನು ಸೇರಿಸಲಾಯಿತು. ದ್ವೇಷದ ಕಲಮಿಗೆ ಸರ್ಕಾರದ ಮಂಜೂರಾತಿ ಬೇಕಿತ್ತು. ಅದು ಬರುವುದು ತಡವೆಂದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಭಾನುವಾರ ಆಶ್ರಮದಲ್ಲಿ ಅಹಿಂಸೆಯ ಕುರಿತು ಪ್ರವಚನವಿದೆ ಎಂದು ಊರಲ್ಲಿ ಕರಪತ್ರ ಹಂಚಿದ್ದರು.

ಅಲ್ಲಿಂದ ದ್ರಾಕ್ಷಾಯಣಿ ಮತ್ತು ವಿಲ್ಸನ್ ಠಾಣೆಗೆ ಮರಳಿದಾಗ ಜಗಲಿಯ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಗೂಳಪ್ಪನ ತಾಯಿ ಹೊಳೆವ್ವ. ಮಗನನ್ನು ಬಿಡಿಸಲು ಬಂದಿರಬೇಕೆಂದು ವಿಲ್ಸನ್ ವಕೀಲರ ಮಾತು ತೆಗೆದ. ಆಕೆ ಬೇಡವೆಂದು ಕೈಯಾಡಿಸಿದಳು. ಹುಬ್ಬಳ್ಳಿಯ ಆಸ್ಪತ್ರೆಗೆ ಯಾವ ಬಸ್ಸು ಎಂದು ಕೇಳಿದಳು. ಹೋದರೆ ಆ ಮನೆಯವರು ಮುಖ ನೋಡುತ್ತಾರೋ ಇಲ್ಲವೋ, ಆದರೂ ಹೋಗಬೇಕು ಎಂದಳು. ವಿಲ್ಸನ್ ಬಸ್ಸಿನ ಹೊತ್ತು ಹೇಳಿ, ನಿಲ್ದಾಣದವರೆಗೆ ತಾನೇ ಬಿಟ್ಟುಬರುತ್ತೇನೆಂದು ಬೈಕಿನ ಕೀಲಿ ತರಲು ಒಳಹೋದ.

ಹೊಳೆವ್ವ ದ್ರಾಕ್ಷಾಯಣಿಯ ಕಡೆ ತಿರುಗಿದಳು.

“ಎತ್ತು ಮಾರಿದ ದಿನ ನಾನು ಅವಗ ಏನೂ ಅನಲಿಲ್ಲವಾ. ಸುಮ್ಮನ ರೊಟ್ಟಿ ಬಡದು ಹಾಕಿದೆ. ಬೈಬೇಕಾಗಿತ್ತು. ಬೈದಿದ್ರ ಅತ್ತು ಹಗುರಾಗತಿದ್ದ.”

ದ್ರಾಕ್ಷಾಯಣಿ ಆಕೆಯ ಪಕ್ಕದಲ್ಲಿ, ಅದೇ ಜಗಲಿಯ ಮೇಲೆ ಕುಳಿತರು. ವಿಲ್ಸನ್ ಬೈಕು ತಿರುಗಿಸಿ ತಂದಾಗ ಆಕೆಯ ಕೈ ಹಿಡಿದು ಎಬ್ಬಿಸಿದರು.