ನೆರಳು ಕದ್ದ ಪಾನಕ

ಬಹಳ ಹಿಂದಿನ ಮಾತು. ಮೋಡಗಳು ಬೆಟ್ಟದ ಮೇಲೆ ಕೂತು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ ಕಂಕಣಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಹೊಳೆಯ ದಡದಲ್ಲಿ ಹೊನ್ನಾಜಿ ಎಂಬ ಹುಡುಗಿ ತನ್ನ ಅಣ್ಣ ಕಾಳಿಂಗನ ಜೊತೆ ವಾಸವಾಗಿದ್ದಳು. ಕಾಳಿಂಗ ದೋಣಿ ನಡೆಸುವ ಅಂಬಿಗ. ಅವನ ಹೆಂಡತಿ ಹೆಣ್ಣುಮಗುವೊಂದನ್ನು ಹೆತ್ತು ತೀರಿಕೊಂಡಿದ್ದಳು. ಅವನ ದುಃಖಕ್ಕೆ ದಡವೇ ಇರಲಿಲ್ಲ.

ಅದೇ ಹೊತ್ತಿಗೆ ಹರಿತಾಕ್ಷನೆಂಬ ಮಾಂತ್ರಿಕ ಆ ರಾಜ್ಯಕ್ಕೆ ಬಂದ. ಭಂಗಿ ಸೊಪ್ಪನ್ನು ಅರೆದು, ಸೋಸಿ, ಮಾವಿನ ರಸವನ್ನೂ ಗುಲಾಬಿಯನ್ನೂ ಬೆರೆಸಿ, ಗುಳುಗುಳು ನೊರೆಯೇಳುವ ಪಾನಕ ಮಾಡಿದ. ಅದಕ್ಕೆ 'ಆನಂದಧಾರೆ' ಎಂದು ಹೆಸರಿಟ್ಟ. ಹೆಸರು ನೋಡಿ ಹೆಸರು! ಬಣ್ಣಬಣ್ಣದ ಗಾಜಿನ ಬಟ್ಟಲಲ್ಲಿ ಕೊಟ್ಟರೆ ಜನ ಮುಗಿಬೀಳದೆ ಇರುತ್ತಾರೆಯೇ? ಮದುವೆಮನೆಯಲ್ಲೂ ಅದೇ, ಮಲ್ಲರ ಗರಡಿಯಲ್ಲೂ ಅದೇ. ಯಾರಾದರೂ ಹುಬ್ಬು ಗಂಟಿಕ್ಕಿದರೆ ಎಲ್ಲರದ್ದೂ ಒಂದೇ ಮಾತು: "ಹೆಂಡವೇನಲ್ಲವಲ್ಲ!"

ಕಾಳಿಂಗನೂ ಕುಡಿದ. ಒಂದು ಬಟ್ಟಲಿಗೆ ಅಳು ನಿಂತಿತು. ಎರಡಕ್ಕೆ ಹೆಂಡತಿಯ ಮುಖ ಮರೆತುಹೋಯಿತು. ಆಮೇಲೆ ಲೆಕ್ಕವೇ ಇಲ್ಲ.

ಒಂದು ಮಧ್ಯಾಹ್ನ ಹೊನ್ನಾಜಿ ಸೌದೆ ಹೊತ್ತು ಬರುತ್ತಾಳೆ, ಮಗು ತೆವಳುತ್ತಾ ಹೊಳೆಯ ಅಂಚಿಗೆ ಬಂದಿದೆ! ಕಾಳಿಂಗ ಮಾರು ದೂರದಲ್ಲೇ ಕೂತು ನಗುತ್ತಿದ್ದಾನೆ.

"ನೋಡೇ, ಎಷ್ಟು ಚೆನ್ನಾಗಿ ತೆವಳ್ತಾಳೆ!" ಎಂದ.

ಹೊನ್ನಾಜಿ ಸೌದೆ ಎಸೆದು ಓಡಿ ಮಗುವನ್ನು ಬಾಚಿಕೊಂಡಳು. ಅಣ್ಣನನ್ನು ಬಯ್ಯಲೆಂದು ತಿರುಗಿದವಳು ಹಾಗೇ ನಿಂತಳು. ಸುಡುಬಿಸಿಲಲ್ಲಿ ಕೂತಿದ್ದ ಕಾಳಿಂಗನಿಗೆ ನೆರಳೇ ಇರಲಿಲ್ಲ.

ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನೇರ ಅರಮನೆಗೆ ಹೋದಳು. ರಾಜ ವಿನೋದವರ್ಮ ಸಿಂಹಾಸನದಲ್ಲಿ ಒರಗಿ ಬಟ್ಟಲು ಹಿಡಿದಿದ್ದ.

"ಮಹಾಪ್ರಭು, ಆ ಪಾನಕ ನಿಲ್ಲಿಸಿ. ನನ್ನ ಅಣ್ಣ ಇದ್ದೂ ಇಲ್ಲದವನಾಗಿದ್ದಾನೆ."

"ಹೆಂಡವೇನಲ್ಲವಲ್ಲ, ಹುಡುಗಿ," ಎಂದು ರಾಜ ಆಕಳಿಸಿದ. "ಬೊಕ್ಕಸವೂ ತುಂಬುತ್ತಿದೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೊನ್ನಾಜಿ ಕೆಳಗೆ ನೋಡಿದಳು. ಆ ಸಭೆಯಲ್ಲಿ ಒಬ್ಬರಿಗಾದರೂ ನೆರಳಿರಬೇಕಲ್ಲ! ರಾಜವೈದ್ಯನಿಗೆ ಮಾತ್ರ ಇತ್ತು. ಅವನೂ ಆಗ ಒಂದು ಬಟ್ಟಲು ಎತ್ತಿ ಕುಡಿದ. ಕೂಡಲೇ ಅವನ ನೆರಳು ನೆಲದಿಂದ ಸುಲಿದುಕೊಂಡು ಎದ್ದು, ಬಾಗಿಲು ದಾಟಿ ನಡೆದುಹೋಯಿತು. ವೈದ್ಯ ಹಲ್ಲು ಕಿರಿಯುತ್ತಾ ಕೂತೇ ಇದ್ದ. ಹೊನ್ನಾಜಿ ನೆರಳಿನ ಬೆನ್ನು ಹತ್ತಿದಳು.

ನೆರಳು ಕಾಡು ದಾಟಿ ಒಂದು ಕೋಟೆಯೊಳಗೆ ನುಸುಳಿತು. ಕೋಟೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಮಾತಾಡುವ ಹುಲಿ ಬಟ್ಟಲು ಹಿಡಿದು ನಿಂತಿತ್ತು.

"ದಣಿದು ಬಂದಿದ್ದೀಯ ತಾಯಿ. ಇದನ್ನು ಕುಡಿ, ಒಳಗೆ ಹೋಗು."

ಕಂಕಣಗಿರಿಯಲ್ಲಿ ತಲೆತಲಾಂತರದಿಂದ ಒಂದು ಕಟ್ಟಳೆಯಿತ್ತು. ನೀರಾಗಲಿ ಮಜ್ಜಿಗೆಯಾಗಲಿ, ಕೊಡುವವರು ಮೊದಲು ತಮ್ಮ ಅಂಗೈಗೆ ಒಂದು ಗುಟುಕು ಸುರಿದುಕೊಂಡು ಕುಡಿಯಬೇಕು, ಆಮೇಲೆ ಬಂದವರಿಗೆ ಕೊಡಬೇಕು. ಗಾಜಿನ ಬಟ್ಟಲಿನ ಬೆಡಗಿಗೆ ಮರುಳಾಗಿ ಊರಿಗೆ ಊರೇ ಅದನ್ನು ಮರೆತಿತ್ತು. ಹೊನ್ನಾಜಿ ಮರೆತಿರಲಿಲ್ಲ.

"ಮೊದಲ ಗುಟುಕು ನಿನ್ನದು," ಎಂದಳು.

ಹುಲಿ ತಲೆ ತಗ್ಗಿಸಿತು. "ನಮಗೆ ಕುಡಿಯುವ ಅಪ್ಪಣೆಯಿಲ್ಲ. ಕಾವಲು ಕಾಯುವವರು ಎಚ್ಚರವಾಗಿರಬೇಕಲ್ಲ."

"ಓಹೋ! ನಿಮಗೆ ಎಚ್ಚರ ಬೇಕು, ಮಗು ನೋಡಿಕೊಳ್ಳುವ ಅಪ್ಪನಿಗೆ ಬೇಡವೋ? ಸರಿ ಆ ಕಡೆ!"

ಕಟ್ಟಳೆ ತಪ್ಪಿದವರು ಕಂಕಣಗಿರಿಯ ನೆಲದಲ್ಲಿ ಯಾರನ್ನೂ ತಡೆಯುವಂತಿರಲಿಲ್ಲ. ಹುಲಿ ಸರಿಯಿತು. "ಬೇಗ ಹೋಗು," ಎಂದು ಪಿಸುಗುಟ್ಟಿತು. "ಇವತ್ತು ಸೂರ್ಯ ಮುಳುಗಿದರೆ ಅಮಾವಾಸ್ಯೆ. ಆಮೇಲೆ ನೆರಳುಗಳಿಗೆ ಒಡೆಯರ ಗುರುತೇ ಸಿಗುವುದಿಲ್ಲ."

ಎರಡನೆಯ ಬಾಗಿಲಲ್ಲಿ ಚಿನ್ನದ ನವಿಲು. "ರಾಜರೇ ಕುಡಿಯುತ್ತಾರೆ. ನಿನ್ನದೇನು ಹಳ್ಳಿಗುಗ್ಗಿನ ಹಟ?"

"ಹಟವೇ ಅನ್ನು. ಮೊದಲ ಗುಟುಕು ನಿನ್ನದು."

ನವಿಲು ಗರಿ ಮುದುಡಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಹಣೆಗೆ ವಿಭೂತಿ ಬಳಿದ ಬಿಳಿಯಾನೆ. "ಇದು ದೇವರಿಗೆ ಪ್ರಿಯವಾದ ಸೊಪ್ಪು. ಭಕ್ತಿಯಿಂದ ಸ್ವೀಕರಿಸು."

ಹೊನ್ನಾಜಿಯ ಸಿಟ್ಟು ನೆತ್ತಿಗೇರಿತು. "ದೇವರ ಹೆಸರು ಹೇಳಿ ವ್ಯಾಪಾರ ಮಾಡುತ್ತೀರಲ್ಲ, ನಾಚಿಕೆಯಾಗಬೇಕು! ವಿಷ ಕುಡಿದ ದೇವರು ತಾನೇ ಕುಡಿದ, ಊರಿಗೆಲ್ಲ ಹಂಚಲಿಲ್ಲ. ಮೊದಲ ಗುಟುಕು ನಿನ್ನದು!"

ಆನೆ ಮಂಡಿಯೂರಿ ದಾರಿ ಕೊಟ್ಟಿತು.

ಒಳಗೆ ಕಣ್ಣು ಹಾಯುವಷ್ಟು ದೂರ ಭಂಗಿಯ ತೋಟ. ಸಾವಿರಾರು ನೆರಳುಗಳು ಬೆನ್ನು ಬಗ್ಗಿಸಿ ಪಾತಿ ಮಾಡುತ್ತಿದ್ದವು, ಸೊಪ್ಪು ಕೊಯ್ಯುತ್ತಿದ್ದವು. ಅವುಗಳ ನಡುವೆ ಹರಿತಾಕ್ಷ ಕೊಡೆ ಹಿಡಿದು ಓಡಾಡುತ್ತಿದ್ದ. ನೆರಳುಗಳ ನಡುವೆ, ದೋಣಿ ನಡೆಸಿ ಅಗಲವಾದ ಅಣ್ಣನ ಹೆಗಲನ್ನು ಹೊನ್ನಾಜಿ ದೂರದಿಂದಲೇ ಗುರುತಿಸಿದಳು.

"ಎಲೋ ಹರಿತಾಕ್ಷ! ಇಷ್ಟು ಜನಕ್ಕೆ ಕುಡಿಸಿದೆಯಲ್ಲ, ನೀನು ಯಾವತ್ತಾದರೂ ಒಂದು ಗುಟುಕು ಕುಡಿದಿದ್ದೀಯ?"

ಗುದ್ದಲಿಗಳು ನಿಂತವು. ನೆರಳುಗಳು ಒಂದೊಂದಾಗಿ ಬೆನ್ನು ನೆಟ್ಟಗೆ ಮಾಡಿ ಅವನ ಕಡೆ ತಿರುಗಿದವು.

"ಕೆಲಸ ಮಾಡ್ರೋ!" ಎಂದು ಹರಿತಾಕ್ಷ ಕಿರುಚಿದ. ಒಂದೂ ಅಲುಗಲಿಲ್ಲ. ಸಂಜೆಯ ಸಂತೆಗೆ ಸೊಪ್ಪು ಬೇಕು, ಕೊಯ್ಯುವವರಿಲ್ಲ. ಎಂಥ ವ್ಯಾಪಾರಿ ಅವನು! ನಷ್ಟ ಅಂದರೆ ಪ್ರಾಣ ಹೋದಂತೆ. "ಒಂದು ಗುಟುಕಿಗೆ ಏನಾಗುತ್ತೆ? ಹೆಂಡವೇನಲ್ಲವಲ್ಲ!" ಎಂದು ನಗುತ್ತಾ, ಅವುಗಳನ್ನು ನಂಬಿಸಲು ಪಕ್ಕದ ಕೊಡದ ಪಾನಕವನ್ನು ಅಂಗೈಗೆ ಸುರಿದುಕೊಂಡು ಕುಡಿದೇಬಿಟ್ಟ.

ಅವನ ನೆರಳು ಸುಲಿದುಕೊಂಡು ಎದ್ದು ನಿಂತಿತು. ಅವನ ಮಂತ್ರವೆಲ್ಲ ಆ ನೆರಳಲ್ಲಿತ್ತು. ಅದು ಹೋದದ್ದೇ ತಡ, ತೋಟ ಬಾಡಿ ಬೂದಿಯಾಯಿತು, ಮೂರು ಬಾಗಿಲೂ ಕಳಚಿಬಿದ್ದವು. ಹುಲಿ, ನವಿಲು, ಆನೆ ಕಾಡಿಗೆ ಓಡಿದವು. ಹರಿತಾಕ್ಷ ತನ್ನ ಹೆಸರೂ ನೆನಪಿಲ್ಲದೆ ಬಟಾಬಯಲಲ್ಲಿ ಕೂತು ಹಲ್ಲು ಕಿರಿಯುತ್ತಿದ್ದ. ಯಾರೂ ಅವನತ್ತ ತಿರುಗಿ ನೋಡಲಿಲ್ಲ. ನೆರಳುಗಳೆಲ್ಲ ಊರಿನ ಕಡೆ ಓಟ ಕಿತ್ತಿದ್ದವು.

ಅರಮನೆಯಲ್ಲಿ ನೆರಳು ಮರಳಿ ಎಚ್ಚೆತ್ತ ರಾಜ ಮೈತುಂಬ ನಾಚಿಕೊಂಡು ಬಟ್ಟಲುಗಳನ್ನೆಲ್ಲ ಒಡೆಸಿದ. ಮರುದಿನ ಹೊನ್ನಾಜಿಗೆ ಮುತ್ತಿನ ಹಾರ ಕಳಿಸಿದ. ಅವಳು ಹಾರ ತಂದವನ ಕೈಯಲ್ಲೇ ಅದನ್ನು ಹಿಂದಕ್ಕೆ ಕಳಿಸಿದಳು. "ನಾನು ಬೇಡಿಕೊಂಡಾಗ ಆಕಳಿಸಿದಿರಿ. ಇನ್ನು ಯಾರಾದರೂ ಬೇಡಲು ಬಂದರೆ ನೆಟ್ಟಗೆ ಕೂತು ಕೇಳಿ, ಸಾಕು," ಎಂದು ಹೇಳಿಕಳಿಸಿದಳು. ರಾಜ ಹಾಗೇ ನಡೆದ. ಪ್ರಜೆಗಳು ಸುಖವಾಗಿದ್ದರು.

ಆದರೆ ನೆರಳುಗಳು ಮರಳಿದ ಆ ಸಂಜೆಯೇ, ಹೊನ್ನಾಜಿ ಗುಡಿಸಲಿಗೆ ಬರುವ ಹೊತ್ತಿಗೆ ಕಾಳಿಂಗ ದೋಣಿಯ ಪಕ್ಕ ಬಿಕ್ಕಿಬಿಕ್ಕಿ ಅಳುತ್ತಿದ್ದ. ನೆರಳಿನ ಜೊತೆ ಹೆಂಡತಿಯ ಮುಖವೂ ಮರಳಿತ್ತು, ಅವಳು ಸತ್ತದ್ದೂ ಮರಳಿತ್ತು.

"ನೋವಾಗ್ತಿದೆ ಕಣೇ," ಎಂದ.

"ಆಗಲಿ ಬಿಡಣ್ಣ. ಅಳು. ನಾನಿದ್ದೀನಿ," ಎಂದಳು ಹೊನ್ನಾಜಿ, ತಾನೂ ಅಳುತ್ತಾ.

ಅಷ್ಟರಲ್ಲಿ ಅವಳ ಬೆನ್ನ ಮೇಲೆ ಮಗು ರಚ್ಚೆ ಹಿಡಿಯಿತು. ಹೊನ್ನಾಜಿ ಕಟ್ಟು ಬಿಚ್ಚುವ ಮೊದಲೇ ಕಾಳಿಂಗ ಕಣ್ಣೊರೆಸಿಕೊಂಡು ಎದ್ದು ಕೈ ಚಾಚಿದ. "ಇಲ್ಲಿ ಕೊಡು. ಹಸಿವಾಗಿದೆ ಅವಳಿಗೆ."