ಎರಡು ಬಾಗಿಲುಗಳ ನಡುವೆ

"ಬಾಗಿಲು ತೆಗೀರಿ ಮೇಡಂ! ರಕ್ತ ಸೋರ್ತಾ ಇದೆ!"

ಎರಡು ಗಾಜಿನ ಬಾಗಿಲುಗಳ ನಡುವಿನ ಇಕ್ಕಟ್ಟಿನಲ್ಲಿ ದೈತ್ಯನಂಥ ಒಬ್ಬ ನಿಂತಿದ್ದ. ಹುಬ್ಬು ಸೀಳಿ ಕಾಲರ್‌ವರೆಗೂ ರಕ್ತ ಇಳಿದಿತ್ತು. ಹೊರಬಾಗಿಲು ಅವನ ಬೆನ್ನಿಗೆ ಮುಚ್ಚಿಕೊಂಡಿತ್ತು. ಒಳಬಾಗಿಲು ತೆರೆಯುವ ಗುಂಡಿ ಇದ್ದದ್ದು ಒಳಗೆ ಕೂತಿದ್ದ ಅವಳ ಮೇಜಿನ ಮೇಲೆ.

"ಮೊದಲು ಮುಖ ಒರೆಸ್ಕೊಳ್ಳಿ. ಕಾರ್ಡಿನ ಫೋಟೋಗೂ ನಿಮಗೂ ತಾಳೆ ಆಗ್ತಿಲ್ಲ."

"ಸಾಯ್ತಾ ಇರೋನ ಹತ್ರನೂ ತಾಳೆ ನೋಡ್ತೀರಾ?"

"ಸಾಯೋರು ಇಷ್ಟು ಜೋರಾಗಿ ಕೂಗಲ್ಲ. ಒರೆಸ್ಕೊಳ್ಳಿ!"

ಅವನು ತೋಳಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡು... ನಕ್ಕುಬಿಟ್ಟ!

'ಹೊಡೆಸ್ಕೊಂಡು ಬಂದು ನಗ್ತಾನಲ್ಲಪ್ಪ!' ಅಂದುಕೊಳ್ಳುತ್ತಲೇ ಗುಂಡಿ ಒತ್ತಿದಳು. 

ಗಂಡಂದಿರ ಏಟಿಗೆ ಹೆದರಿ ಓಡಿಬಂದ ಹೆಂಗಸರನ್ನು ಬಚ್ಚಿಡುವ ಆಶ್ರಯ ಕಟ್ಟಡ ಅದು. ಯಾರು ಒಳಗೆ ಬರಬೇಕು, ಯಾವ ಮಹಡಿಯವರೆಗೆ ಹೋಗಬೇಕು ಎಂಬುದನ್ನೆಲ್ಲ ಕ್ಯಾಮೆರಾ ಪರದೆಗಳ ಮುಂದೆ ಕೂತು ತೀರ್ಮಾನಿಸುವುದು ಅವಳ ಕೆಲಸ. ಹೊರಬಾಗಿಲಿನ ಹೊಸ ಕಾವಲುಗಾರ ಅವನು. ಕೆಲಸಕ್ಕೆ ಸೇರಿದ ಮೊದಲ ದಿನವೇ, ಹೆಂಡತಿಯನ್ನು ಎಳೆದೊಯ್ಯಲು ಬಂದವನೊಬ್ಬನ ಕಲ್ಲೇಟು ತಿಂದಿದ್ದ. ಜಗ್ಗದೆ ನಿಂತಿದ್ದಕ್ಕೆ ಎಲ್ಲರೂ ಅವನನ್ನು ಬಂಡೆ ಎಂದೇ ಕರೆದರು.

ಮೂರನೇ ಮಹಡಿಯಲ್ಲಿ ಅವಳ ಸ್ವಂತ ಅಕ್ಕನೇ ಇದ್ದಳು. ಭಾವ ಸರಳಿನಿಂದ ಮುರಿದಿದ್ದ ಅಕ್ಕನ ಮೊಣಕೈ ಇನ್ನೂ ನೆಟ್ಟಗಾಗಿರಲಿಲ್ಲ.

ಬಂಡೆ ಪ್ರತಿ ಬೆಳಿಗ್ಗೆ ಕ್ಯಾಮೆರಾದ ಕಡೆ ನೋಡಿ, ಮುಖ ಒರೆಸಿಕೊಂಡಂತೆ ನಟಿಸಿ, "ತಾಳೆ ಆಯ್ತಾ ಮೇಡಂ?" ಎನ್ನುತ್ತಿದ್ದ.

"ಇವತ್ತು ಸ್ವಲ್ಪ ಆಯ್ತು," ಎನ್ನುತ್ತಿದ್ದಳು ಅವಳು. ದಿನದ ಬೇಸರವೆಲ್ಲ ಅಷ್ಟರಲ್ಲೇ ಇಳಿದುಹೋಗುತ್ತಿತ್ತು.

ಒಂದು ದಿನ ಪರದೆಯ ಮೇಲೆ ಅವಳಿಗೆ ಕಂಡದ್ದೇ ಬೇರೆ. ರಸ್ತೆಯಾಚೆ ಬಂಡೆ ಯಾರದೋ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದ. ಆ ಮನುಷ್ಯ ತಿರುಗಿದ... ಭಾವ!

 ಅದಾಗಿ ನಾಲ್ಕಾರು ದಿನ ಅವಳಿಗೆ ನಿದ್ದೆಯಿಲ್ಲ, ಅವನ ಜೊತೆ ಮಾತಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಬಾಗಿಲಲ್ಲೇ ಅವನ ಕೆನ್ನೆಗೆ ಬಾರಿಸಿದಳು.

"ನನ್ನಕ್ಕನ್ನ ಎಷ್ಟಕ್ಕೆ ಮಾರಿದೆ?"

"ಪುಟ್ಟಿ, ನನ್ನ ಮಾತು ಕೇಳು..."

"ಅಕ್ಕ ಕರೆಯೋ ಹೆಸರು ಅದು! ನಿನ್ನ ಬಾಯಲ್ಲಿ ಬರಬಾರದು! ನಿನ್ನ ಕಾರ್ಡ್ ರದ್ದಾಗಿದೆ. ನಡಿ ಆಚೆ!"

ಅವನು ಎದುರಿನ ಬಸ್‌ ನಿಲ್ದಾಣದಲ್ಲಿ ಹೋಗಿ ಕುಳಿತ. 'ತೊಲಗಬಾರದಾ!' ಎಂದು ಶಪಿಸಿದಳು. ಆದರೂ ಆ ಪರದೆಯಿಂದ ಕಣ್ಣು ಕೀಳಲಾಗಲಿಲ್ಲ.

ಮಧ್ಯಾಹ್ನ, ಕಾವಲಿಲ್ಲದ ಹೊರಬಾಗಿಲಿಗೆ ಭಾವ ಬಂದ. ಕೈಯಲ್ಲಿ ಕೊಡಲಿ!

ಕಾರ್ಡ್ ಹಿಡಿದು ಒಳಬರುತ್ತಿದ್ದ ಕಸಗುಡಿಸುವ ಅಮ್ಮನ ತಲೆಗೆ ಕೊಡಲಿಯ ಹಿಡಿಯಿಂದ ಬೀಸಿದ. ಆಕೆ ಮೆಟ್ಟಿಲ ಮೇಲೆ ಉರುಳಿದಳು. ಕಾರ್ಡ್ ಕಿತ್ತುಕೊಂಡು ಹೊರಬಾಗಿಲು ದಾಟಿದವನೇ ಒಳಬಾಗಿಲಿನ ಗಾಜಿಗೆ ಕೊಡಲಿ ಇಳಿಸಿದ.

"ಬೇರೆ ಊರಿಗೆ ಹೋದಳು ಅಂತ ನನ್ನನ್ನ ಅಲೆಸ್ತೀರಾ? ಇವತ್ತು ಇಬ್ಬರನ್ನೂ ಕಡಿದು ಹಾಕ್ತೀನಿ!"

ಗಾಜು ಬಿರುಕುಬಿಟ್ಟಿತು. ಒಳಗಿನ ಹಜಾರದಲ್ಲಿ ಮಕ್ಕಳು ಚೀರಿದವು. ಪೊಲೀಸರಿಗೆ ಫೋನು ಮಾಡಿದ್ದಾಗಿತ್ತು. ಆದರೆ ಅವರು ಬರುವ ತನಕ ಆ ಗಾಜು ತಾಳುವಂತಿರಲಿಲ್ಲ.

ಮೇಜಿನ ಸ್ಪೀಕರಿನಲ್ಲಿ ಹೊರಗಿದ್ದ ಬಂಡೆಯ ಏದುಸಿರು ಕೇಳಿತು. "ಹೊರಬಾಗಿಲು ತೆಗಿ! ನಾನು ಒಳಗೆ ಹೋದ ಮೇಲೆ ಎರಡನ್ನೂ ಹಾಕು. ಏನೇ ಆದ್ರೂ ತೆಗೀಬೇಡ!"

ನಂಬಬೇಕೆ? ಇಬ್ಬರೂ ಒಂದೇ ಆಗಿದ್ದರೆ...?

ಅಕ್ಕ ಮೆಟ್ಟಿಲಿಳಿದು ಓಡಿಬಂದಿದ್ದಳು. "ತೆಗಿಯೇ ಪುಟ್ಟಿ! ನಾನು ಬೇರೆ ಊರಿಗೆ ಹೋದೆ ಅಂತ ನಂಬಿಸಿ ನಿನ್ನ ಭಾವನ್ನ ದೂರ ಕಳಿಸಿದ್ದು ಬಂಡೆನೇ. ಹಾಗೆ ಹೇಳು ಅಂದಿದ್ದು ನಾನು! ನೀನು ಹೆದರ್ತೀಯಾ ಅಂತ ಮುಚ್ಚಿಟ್ಟಿದ್ದೂ ನಾನೇ..."

ಅವಳು ಹೊರಬಾಗಿಲಿನ ಗುಂಡಿ ಒತ್ತಿದಳು. ಬಂಡೆ ನುಗ್ಗಿದ. ಮರುಗಳಿಗೆ ಎರಡು ಬಾಗಿಲುಗಳಿಗೂ ಬೀಗ ಬಿತ್ತು. ಪ್ರೀತಿಸಿದವನನ್ನು ಕೊಡಲಿಯ ಜೊತೆ ತನ್ನ ಕೈಯಾರೆ ಕೂಡಿಹಾಕಿದ್ದಳು!

ಮೊದಲ ಏಟು ಅವನ ಹೆಗಲಿಗೆ ಬಿತ್ತು. ಎರಡನೆಯದನ್ನು ಅಂಗೈಯಲ್ಲೇ ತಡೆದ. ಗಾಜಿನ ತುಂಬ ಕೆಂಪು ಚಿಮ್ಮಿತು. ಭಾವ ಅವನ ಕುತ್ತಿಗೆಗೆ ಗುರಿಯಿಟ್ಟ. ಬಂಡೆ ತಲೆಯಿಂದ ಅವನ ಮೂಗಿಗೆ ಗುದ್ದಿ, ಗೋಡೆಗೆ ಒತ್ತಿ, ಮೈಭಾರವನ್ನೆಲ್ಲ ಹೇರಿದ. ಕೊಡಲಿ ನೆಲಕ್ಕೆ ಬಿತ್ತು. ಆದರೂ ಭಾವನ ಹಲ್ಲುಗಳು ಬಂಡೆಯ ಗಾಯದ ಹೆಗಲನ್ನು ಕಚ್ಚಿ ಹಿಡಿದಿದ್ದವು.

"ತೆಗೀಲಾ?" ಅವಳು ಮೈಕಿನಲ್ಲಿ ಅಳುತ್ತಿದ್ದಳು. "ಹೇಳೋ, ತೆಗೀಲಾ?"

"ಬೇಡ... ಮಕ್ಕಳಿದಾರೆ..."

ಪೊಲೀಸರು ಬಂದು ಭಾವನನ್ನು ಎಳೆದೊಯ್ದಾಗ ಬಂಡೆ ಅಲ್ಲೇ ಕುಸಿದಿದ್ದ. ಅವಳು ತನ್ನ ದುಪಟ್ಟಾದಿಂದ ಅವನ ಹೆಗಲನ್ನು ಬಿಗಿದು ಕಟ್ಟಿ, ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು.

ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಎಳೆಬಿಸಿಲು. ಎಡಗೈಯ ಎರಡು ಬೆರಳು ಹೋಗಿದ್ದವು. ಪಕ್ಕದ ವಾರ್ಡಿನಲ್ಲಿ ಕಸಗುಡಿಸುವ ಅಮ್ಮ ಚೇತರಿಸಿಕೊಂಡು, ಗಂಜಿ ಸಪ್ಪೆಯೆಂದು ನರ್ಸಿನ ಜೊತೆ ಜಗಳ ತೆಗೆದಿದ್ದಳು.

ತಂಗಿಯ ಪಕ್ಕ ಕೂತಿದ್ದ ಅಕ್ಕ ಎದ್ದಳು. "ಇಬ್ಬರೂ ಇನ್ನಾದ್ರೂ ಬಾಯಿಬಿಟ್ಟು ಹೇಳ್ಕೊಳ್ಳಿ. ನಾನು ಹೊರಗಿರ್ತೀನಿ."

ಅವಳು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ಹೊಡೆದೆ ನಿನ್ನನ್ನ," ಅಂದಳು. "ಕೇಳಿಸ್ಕೊಳ್ಳದೆ ಹೊಡೆದೆ."

"ಹೂಂ. ಕೊಡಲಿಗಿಂತ ಅದೇ ಜಾಸ್ತಿ ನೋವಾಯ್ತು."

"ತಮಾಷೆ ಮಾಡ್ಬೇಡ... ನೀನು ಸತ್ತಿದ್ರೆ?"

"ನಿನ್ನ ಬೆರಳು ಗುಂಡಿ ಮೇಲಿತ್ತಲ್ಲ, ಅದಕ್ಕೇ ಧೈರ್ಯ. ನಾನು ಎಷ್ಟು ಕಿರುಚಿದ್ರೂ ನೀನು ತೆಗೀತಿರ್ಲಿಲ್ಲ. ನಿನ್ನನ್ನ ಇಷ್ಟಪಟ್ಟಿದ್ದೇ ಅದಕ್ಕೆ ಕಣೇ. ಆಗ ಕೈ ನಡುಗ್ತಾ?"

"ಆಗ ಇಲ್ಲ. ಆಮೇಲೆ ಶುರುವಾಗಿದ್ದು... ಇನ್ನೂ ನಿಂತಿಲ್ಲ. ಪ್ರೀತಿ ಅಂದ್ರೆ ಇಷ್ಟು ಹೆದರಿಕೆ ಅಂತ ಗೊತ್ತಿರ್ಲಿಲ್ಲ ನಂಗೆ!"

ಅವನು ಬಲಗೈ ಚಾಚಿ ಅವಳ ಬೆರಳುಗಳನ್ನು ಹಿಡಿದುಕೊಂಡ.

"ಈಗ?"

"ಇನ್ನೂ ನಡುಗ್ತಿದೆ," ಅಂದಳು ಅವಳು. "ಬಿಡ್ಬೇಡ..."